ಮಿಲಿಟ್ರಿ ಬಡೇಬಾಬು

ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ಊರುಗಳಲ್ಲಿ ‘ಮಿಲಿಟ್ರಿಯವ್ರು’ ಎನಿಸಿಕೊಂಡವರು ಎರಡು ಥರ. ಒಬ್ಬರು ಬಂದೂಕು ಹಿಡಿದು ಗಡಿ ಕಾಯ್ದು ಬಂದ ಹವಾಲ್ದಾರರು. ಮೀಸೆ ಬಿಟ್ಟರೆ ಅವರಲ್ಲಿ ಈಗ ಮಿಲಿಟರಿಯದ್ದೇನೂ ಉಳಿದಿಲ್ಲ. ಕಬ್ಬಿಗೆ ನೀರು ಹಾಯಿಸಿಕೊಂಡು ಅರಾಮ ಇದ್ದಾರೆ. ಇನ್ನೊಬ್ಬರು ಬಡೇಬಾಬು. ಬೆಳಗಾವಿ ಕ್ಯಾಂಪಿನ ಮಿಲಿಟರಿ ಕಚೇರಿಯೊಂದಕ್ಕೆ ಸಿವಿಲಿಯನ್ ಗುಮಾಸ್ತರಾಗಿ ಸೇರಿ, ತಲೆ ಬೆಳ್ಳಗಾಗುವ ಹೊತ್ತಿಗೆ ಆಫೀಸ್ ಸೂಪರಿಂಟೆಂಡೆಂಟ್ ಆದವರು. ಬಂದೂಕು ಮುಟ್ಟಿದವರಲ್ಲ. ಆದರೆ ಮದುವೆ ಊಟಕ್ಕೆ ಕರೆದರೂ ‘ಫಾಲಿನ್ ಎಷ್ಟಕ್ಕ?’ ಎಂದೇ ಕೇಳುತ್ತಾರೆ. ಜಾತ್ರೆಯ ಪಟ್ಟಿ ಲೆಕ್ಕ ಮೂರು ಪ್ರತಿಯಲ್ಲಿ ಬರದಿದ್ದರೆ ಸಹಿ ಇಲ್ಲ.

ರವಿವಾರ ಊರಿಗೆ ಬಂದರೆ ಕಟ್ಟೆಯ ಮೇಲಿನವರದು ಒಂದೇ ಅರ್ಜಿ.

“ಬಾಬೂ, ಕ್ಯಾಂಟೀನಿಂದ ಒಂದ್ ರಮ್ ಬಾಟ್ಲಿ ತರ್ರೆಲಾ.”

“ನಮ್ಮ ಕಾರ್ಡಿಗೆ ಸಾಬಾಣ, ಎಣ್ಣಿ, ಚಾಪುಡಿ ಅಷ್ಟ ರೀ.”

“ಹಂಗಾದ್ರ ನೀವೆಂಥಾ ಮಿಲಿಟ್ರೀ?”

ಈ ಪ್ರಶ್ನೆಗೆ ಸರ್ಕಾರದ ಬಳಿಯೂ ನೇರ ಉತ್ತರವಿಲ್ಲ. ಶಿಸ್ತು ಹೇಳುವಾಗ ಬಾಬು ಮಿಲಿಟರಿ, ಕೊಡುವಾಗ ಸಿವಿಲ್. 2004ರ ಜನವರಿಯಿಂದ ಸೇರಿದ ಗುಮಾಸ್ತನಿಗೆ ಹಳೆಯ ಪಿಂಚಣಿ ಬಂದ್ ಆಯಿತು, ಸಮವಸ್ತ್ರದವರಿಗೆ ಉಳಿಯಿತು. ಬಡ್ತಿಯ ಮಾತು ಕೇಳಲೇಬೇಡಿ. ಅಗ್ನಿವೀರ ಸೇರಿ, ಕಲಿತು, 4 ವರ್ಷಕ್ಕೆ ಮನೆಗೂ ಬಂದುಬಿಡಬಹುದು. ಅಷ್ಟರಲ್ಲಿ ಬಾಬುವಿನ ಬಡ್ತಿ ಫೈಲು ಒಂದು ಟೇಬಲ್ ದಾಟಿದ್ದರೆ ಪುಣ್ಯ. ಬಡ್ತಿ ಇಲ್ಲದಿದ್ದರೂ 10, 20, 30 ವರ್ಷಕ್ಕೆ ಸಂಬಳದ ಮೆಟ್ಟಿಲು ಏರಿಸುವ ಯೋಜನೆ 2008ರಲ್ಲಿ ಬಂತು. ಸಂಬಳ ಏರುತ್ತದೆ, ಕುರ್ಚಿ ಅದೇ.

ಸಾಹೇಬರನ್ನು ತಯಾರು ಮಾಡಲು ಡೆಹ್ರಾಡೂನ್ ಉಂಟು, ಮಹೂ ಉಂಟು, ವೆಲ್ಲಿಂಗ್ಟನ್ ಉಂಟು. ಬೆಳಗಾವಿಯಲ್ಲೇ ಇನ್‌ಫಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇದೆ. ಮುಂದಾಳುತನ ಕಲಿಸಲೆಂದೇ ಇರುವ ಜಾಗ. ಬಾಬು ಅದರೊಳಗೂ ಹೋಗಿ ಬಂದಿದ್ದಾರೆ, ಟಪಾಲು ಕೊಡಲು.

ಹಾಗಾದರೆ ಬಾಬು ಮುಂದಾಳಾದದ್ದು ಹೇಗೆ? ಕೂತಲ್ಲಿಂದ ಏಳದೆ. ಸಾಹೇಬರು ಎರಡು-ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಬಾಬು ಬದಲಾಗುವುದಿಲ್ಲ. ಹೊಸ ಕ್ಯಾಪ್ಟನ್ ಮೊದಲ ದಿನವೇ ವರಾಂಡದಲ್ಲಿ ತುಕ್ಕು ಹಿಡಿದ ಕೂಲರ್ ನೋಡಿ, “ಇವತ್ತೇ ಇದನ್ನ ಬಿಸಾಕಿ” ಅನ್ನುತ್ತಾನೆ. ಬಾಬು ‘ಆಗೂದಿಲ್ಲ’ ಎಂದು ಜನ್ಮದಲ್ಲಿ ಅಂದವರಲ್ಲ. “ಹೋ ಜಾಯೇಗಾ ಸಾಬ್” ಎಂದು ಲೆಡ್ಜರ್ ತಂದು ಬಿಚ್ಚುತ್ತಾರೆ. ಕೂಲರ್ ಲೆಕ್ಕದಲ್ಲಿದೆ. ಲೆಕ್ಕದಿಂದ ತೆಗೆಯಲು ಬೋರ್ಡ್ ಕೂರಬೇಕು, ಬೋರ್ಡಿಗೊಬ್ಬ ಅಧ್ಯಕ್ಷ ಬೇಕು. ಆ ಹೆಸರು ಬಾಬು ಆಗಲೇ ಟೈಪ್ ಮಾಡಿಸಿದ್ದಾರೆ. ಕ್ಯಾಪ್ಟನ್ ಓದಿ ನೋಡಿದರೆ ತನ್ನದೇ ಹೆಸರು! ಆಮೇಲೆ ಹರಾಜು, ಅದರಾಚೆ ಆಡಿಟ್. ಕ್ಯಾಪ್ಟನ್ ವರ್ಗವಾಗಿ ಹೋದ ದಿನವೂ ಕೂಲರ್ ವರಾಂಡದಲ್ಲೇ ಇತ್ತು. ಆದರೆ ಹೋಗುವಾಗ ಅವನಿಗೆ ನೋಟಿಂಗ್ ಬರೆಯಲು ಬರುತ್ತಿತ್ತು. ಯಾವ ಅಕಾಡೆಮಿಯೂ ಕಲಿಸದ್ದನ್ನು ಬಾಬು ಬಿಟ್ಟಿ ಕಲಿಸಿ ಕಳಿಸಿದ್ದರು.

ಕಲಿಸದೇ ಬಿಟ್ಟದ್ದು ಕೆಳಗಿನ ಗುಮಾಸ್ತನಿಗೆ ಮಾತ್ರ. ಯಾವ ಫೈಲು ಯಾವ ಕಪಾಟಿನಲ್ಲಿ ಎಂಬುದು ತಲೆಯಲ್ಲಿರುವ ತನಕವೇ ಬಾಬುವಿಗೆ ಬೆಲೆ. ಅದನ್ನು ಹಂಚಿಕೊಳ್ಳುವಷ್ಟು ಭೋಳೆ ಮನುಷ್ಯರಲ್ಲ ಅವರು. 60ಕ್ಕೆ ನಿವೃತ್ತಿಯಾದಾಗ ಸಾಹೇಬರು ಶಾಲು ಹೊದಿಸಿ, “ಇವರಿಲ್ಲದೆ ಕಚೇರಿ ನಡೆಯೋದಿಲ್ಲ” ಅಂದರು. ಸೋಮವಾರದಿಂದ ಅದು ನಿಜವೇ ಆಯಿತು. ಈಗ ದಿನಾ ಹನ್ನೊಂದಕ್ಕೆ ಗುಮಾಸ್ತನ ಫೋನು: “ಬಾಬೂಜಿ, ಆ ಕೂಲರ್ ಫೈಲ್ ಎಲ್ಲೈತ್ರೀ?”

ದೊಡ್ಡ ಸಾಹೇಬರಲ್ಲಿ ನಮ್ಮದೊಂದು ವಿನಂತಿ: ವರ್ಷಕ್ಕೊಬ್ಬ ಗುಮಾಸ್ತನನ್ನಾದರೂ ಆ ಲೀಡರ್ಸ್ ವಿಂಗಿನೊಳಗೆ ಕರೆದು ಕೂಡಿಸಿ. ಗುಡ್ಡ ಹತ್ತಿಸೂದು ಬ್ಯಾಡ್ರಿ, ಎಲ್ಲರಿಗೂ ಮೊಣಕಾಲು ನೋವು.