ಕಾಗದಕ್ಕೆ ಹತ್ತದ ಬೈಗುಳ

ಬೆಳಗಾವಿಯ ಖಾಸಬಾಗದ ರವಿವಾರದ ಸಂತೆಯಲ್ಲಿ ಹಳೆಯ ಗೆಳೆಯ ಎದುರಾಗಿ, "ಲೇ ಭಾಡ್ಯಾ, ಎಲ್ಲಿ ಸತ್ತಿದ್ಯೋ ಇಷ್ಟ ದಿನ?" ಎಂದನೆಂದರೆ ಎಲ್ಲವೂ ಕ್ಷೇಮ. ಅದೇ ಮನುಷ್ಯ, "ನಮಸ್ಕಾರ್ರಿ, ಆರಾಮ ಅದೀರಿ?" ಎಂದರೆ ಸಾಲ ಕೇಳಲು ಬಂದಿದ್ದಾನೆ, ಇಲ್ಲವೇ ಕೊಟ್ಟದ್ದನ್ನು ಕೇಳಲು. ಆದರೆ ಭಾಡ್ಯಾ ಎನ್ನುವಾಗ ಒಂದು ಕೈ ಹೆಗಲ ಮೇಲಿರಬೇಕು. ಕೈ ಇಲ್ಲದೆ ಬರೀ ಭಾಡ್ಯಾ ಬಂದರೆ ಚಪ್ಪಲಿ ಕಳಚಲು ಸಿದ್ಧವಾಗಬೇಕು.

ನಮ್ಮದು ನೇಕಾರರ ಬಡಾವಣೆ. ಪಾವರ್‌ಲೂಮಿನ ಖಟಖಟದಲ್ಲಿ ಮೆಲ್ಲಗೆ ಮಾತಾಡಿ ಯಾರೂ ಬದುಕಿಲ್ಲ. ಎಳೆ ಹರಿದಾಗ ಲಾಳಿಯ ಅವ್ವನನ್ನೂ, ಕರೆಂಟ್ ಹೋದಾಗ ಕರೆಂಟಿನ ಅಕ್ಕತಂಗಿಯರನ್ನೂ ನೆನೆಯದೆ ಒಂದು ಸೀರೆಯೂ ಮಗ್ಗದಿಂದ ಇಳಿದಿರಲಿಕ್ಕಿಲ್ಲ. ಉಟ್ಟವರಿಗೆ ತಿಳಿಯದಿರುವುದೇ ಒಳ್ಳೆಯದು. ಕರ್ನಾಟಕ, ಮಹಾರಾಷ್ಟ್ರಗಳ ಗಡಿ ಜಗಳಕ್ಕೆಂದು 1967ರಲ್ಲಿ ಮಹಾಜನ ಆಯೋಗ ಊರೂರು ಹಂಚಿ ವರದಿ ಕೊಟ್ಟಿತು. ಬೈಗುಳ ಹಂಚುವುದು ಅದಕ್ಕೂ ಆಗಲಿಲ್ಲ. ನಾಮಫಲಕಕ್ಕಾಗಿ ಕನ್ನಡ, ಮರಾಠಿ ಎಂದು ಬಡಿದಾಡುವವರು ಎರಡೂ ಕಡೆಯಿಂದ 'ಹಲ್ಕಟ್' ಎಂದೇ ಒದರುತ್ತಾರೆ.

ನಮ್ಮ ಓಣಿಯ ಕಾಕು ನಳದ ಪಾಳಿಯ ಜಗಳವನ್ನು ಪೊಲೀಸ್ ಠಾಣೆಗೆ ಒಯ್ದಳು, ಬೆನ್ನಿಗೆ ನಾನು. ನೆರೆಯವನ ಒಂದೊಂದೇ ಬೈಗುಳವನ್ನು ರಾಗ ಸಮೇತ ಒಪ್ಪಿಸಿದಳು. ಬರೆದುಕೊಳ್ಳುವಾತ ಎಲ್ಲ ಕೇಳಿ, 'ಅವಾಚ್ಯ ಶಬ್ದಗಳಿಂದ ಬೈದು' ಎಂದು ಮುಗಿಸಿಬಿಟ್ಟ.

ಕಾಕು ಕೆಂಡವಾದಳು. "ಇಷ್ಟನ? ನಮ್ಮವ್ವ, ನಮ್ಮಮ್ಮ, ಯಾರನ್ನೂ ಬಿಟ್ಟಿಲ್ರಿ ಅಂವ. ಪೂರಾ ಬರೀರಿ."

"ಅವೆಲ್ಲ ಕಾಗದದಾಗ ಬರಂಗಿಲ್ಲಬೇ."

"ಮತ್ತ ನಾ ತಿರುಗಿ ಬೈದದ್ದು?"

"ಅದನ್ನಂತೂ ಹೇಳ್ಬ್ಯಾಡ್ರಿ. ನಿಮ್ಮ ಮ್ಯಾಲೂ 352 ಹಾಕಬೇಕಾಕ್ಕೈತಿ."

2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಹಳೆಯ 504ನೇ ಕಲಮು 352 ಆಗಿದೆ. 'ಅವಾಚ್ಯ ಶಬ್ದ' ಮಾತ್ರ ಕುಳಿತಲ್ಲೇ ಕುಳಿತಿದೆ. ಅದೇ ವರ್ಷ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ 'ಕಾಲೇಜ್ ರೊಮಾನ್ಸ್' ವೆಬ್ ಸರಣಿಯ ಪ್ರಕರಣದಲ್ಲಿ, ಬೈಗುಳ ಇದ್ದ ಮಾತ್ರಕ್ಕೆ ಅಶ್ಲೀಲವಾಗದು ಎಂದಿತ್ತು. ಕಾಕುಗೆ ಆ ತೀರ್ಪು ಹೇಳಿದ್ದರೆ ಠಾಣೆಗೆ ಮತ್ತೊಮ್ಮೆ ಹೊರಡುತ್ತಿದ್ದಳು.

ಅದೇ ವರ್ಷದ ಡಿಸೆಂಬರ್ 19ಕ್ಕೆ ಬೈಗುಳದ ವ್ಯಾಜ್ಯ ಸುವರ್ಣ ವಿಧಾನಸೌಧವನ್ನೇ ಹೊಕ್ಕಿತು. ವಿಧಾನ ಪರಿಷತ್ತಿನಲ್ಲಿ ಬಿಜೆಪಿಯ ಸಿ.ಟಿ. ರವಿ ತಮ್ಮ ಬಗ್ಗೆ ಅವಾಚ್ಯ ಪದ ಬಳಸಿದರೆಂದು ಸಚಿವೆ ಲಕ್ಷ್ಮೀ ಹೆಬ್ಬಾಳಕರ ದೂರಿದರು. ಹಾಗೆ ಅಂದೇ ಇಲ್ಲ ಎಂದರು ರವಿ. ಬಂಧನ, ರಾತ್ರಿ ಖಾನಾಪುರ ಠಾಣೆ, ಮರುದಿನ ಹೈಕೋರ್ಟ್ ಆದೇಶದಂತೆ ಬಿಡುಗಡೆ. ನಾನು ಕಟ್ಟೆಯ ಮೇಲೆ ಪತ್ರಿಕೆ ಓದಿ ಹೇಳುತ್ತಿದ್ದೆ, ಕಾಕು ಸೊಪ್ಪು ಸೋಸುತ್ತಿದ್ದಳು.

"ಯಾವ ಪದಪಾ ಅದು?"

"ಅಂದಿಲ್ಲ ಅಂತಾರ ಅವರು. ಯಾವುದರ ಇರ್ಲಿ, ನಿನ್ನ ಮುಂದ ಹೇಳಾಕ ಬರಂಗಿಲ್ಲ ಕಾಕು."

"ಬ್ಯಾಡ ಬಿಡು," ಎಂದು ಸೊಪ್ಪಿನ ದಂಟು ಮುರಿದಳು. "ಒಂದ ಮಾತ ಕೇಳ್ತೀನಿ. ನೀವು ಜಗಳಾಡುವಾಗ ಪ್ರತಿ ಸಲ ಅವ್ವ, ಅಕ್ಕ, ತಂಗೀನ ಯಾಕ ಬರಬೇಕು? ಅಪ್ಪ ಏನ ಊರಾಗ ಇರೂದಿಲ್ಲನು?"