ರಿಚರ್ಡ್ಸ್ ಟೌನಿನ ಆಖ್ಯಾತ ಪ್ರಕರಣ

ರಿಚರ್ಡ್ಸ್ ಟೌನಿನಲ್ಲಿ ಕ್ರಿಯಾಪದಗಳಿಗೆ ಈಗ ಒಳ್ಳೆಯ ಕಾಲ. ಒಂದಲ್ಲ, ಐದು ಕಾಲ. ವರ್ತಮಾನ ಒಂದು, ಭೂತ ಎರಡು, ಭವಿಷ್ಯತ್ ಒಂದು, ‘ಹಾಗಿದ್ದಿದ್ದರೆ ಹೀಗೆ’ ಎನ್ನುವ ಷರತ್ತಿನದು ಇನ್ನೊಂದು. ಹಳೇ ಬಂಗಲೆ ಕೆಡವಿ ಕಟ್ಟಿದ ಯಾವುದೇ ಅಪಾರ್ಟ್‌ಮೆಂಟಿನ ಕಿಟಕಿ ಕೆಳಗೆ ಭಾನುವಾರ ಬೆಳಿಗ್ಗೆ ನಿಂತು ನೋಡಿ, ರಾಗವಾಗಿ ಕೇಳಿಸುತ್ತದೆ: ‘ಆಬ್ಲೊ, ಆಬ್ಲಾಸ್, ಆಬ್ಲಾ, ಆಬ್ಲಾಮೊಸ್, ಆಬ್ಲಾಯ್ಸ್, ಆಬ್ಲಾನ್.’ ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವರು ಮಾತಾಡುತ್ತಾರೆ. ಇಡೀ ಮನೆ ಮಾತಾಡುತ್ತದೆ, ಸ್ಪ್ಯಾನಿಷ್‌ನಲ್ಲಿ. ಮಗಳಿಗೆ ಅದು ಪರೀಕ್ಷೆಗೆ, ಅಮ್ಮನಿಗೆ ಬಾರ್ಸಿಲೋನಾ ಪ್ರವಾಸಕ್ಕೆ, ಅಪ್ಪನಿಗೆ ಫೋನಿನೊಳಗೆ ಕೂತು ದಿನಾ ಗದರುವ ಹಸಿರು ಗೂಬೆಯ ಭಯಕ್ಕೆ.

ಕಲಿಯಲಿ, ಒಳ್ಳೆಯದೇ. 20 ದೇಶಗಳ ಅಧಿಕೃತ ಭಾಷೆ ಅದು. ಆ 20ರಲ್ಲಿ ಒಂದಕ್ಕೂ ರಿಚರ್ಡ್ಸ್ ಟೌನಿನಿಂದ ಬಸ್ಸಿಲ್ಲ ಎಂಬುದು ಸಣ್ಣ ತೊಡಕು. ಕನ್ನಡದ ನಾಡಿಗಾದರೆ ಬಸ್ಸೂ ಬೇಡ, ವೀಸಾನೂ ಬೇಡ, ಲಿಫ್ಟಿನಲ್ಲಿ ಕೆಳಗಿಳಿದರೆ ಸಾಕು. ಬಹುಶಃ ಅದೇ ಅದರ ದೋಷ. ಲಿಫ್ಟಿನಲ್ಲಿ ಹೋಗಿಬರುವ ಜಾಗದ ಫೋಟೋ ಯಾರಿಗೆ ತೋರಿಸುವುದು?

ಮೇಷ್ಟರು ಮೊದಲ ಪಾಠದಲ್ಲೇ ಸುಲಭದ ಗುಟ್ಟು ಹೇಳಿಕೊಡುತ್ತಾರೆ. ಸ್ಪ್ಯಾನಿಷ್ ಕ್ರಿಯಾಪದಗಳಿಗೆ ಮೂರೇ ಮನೆತನ: ‘ಆರ್’, ‘ಎರ್’, ‘ಇರ್’. ಆಬ್ಲಾರ್ ಅಂದರೆ ಮಾತಾಡುವುದು, ಕೊಮೆರ್ ಅಂದರೆ ತಿನ್ನುವುದು, ವಿವಿರ್ ಅಂದರೆ ಬಾಳುವುದು. ಕೊನೆಯದನ್ನು ಕತ್ತರಿಸಿ, ಆ ಜಾಗಕ್ಕೆ ಆಸಾಮಿಗೆ ತಕ್ಕ ಪ್ರತ್ಯಯ ಅಂಟಿಸಿದರೆ ಮುಗಿಯಿತು. ಒಂದು ಕ್ರಿಯಾಪದದ ಪಟ್ಟಿ ಬಾಯಿಗೆ ಬಂದರೆ ಆ ಮನೆತನದ ಸಾವಿರಾರು ಕ್ರಿಯಾಪದಗಳು ತಾವಾಗಿ ಬರುತ್ತವೆ. ಆಮೇಲೆ ಮೇಷ್ಟರು ದನಿ ತಗ್ಗಿಸಿ ದೊಡ್ಡ ವಿಸ್ಮಯ ಬಿಚ್ಚುತ್ತಾರೆ: ‘ಈ ಭಾಷೆಯಲ್ಲಿ ನಾನು, ನೀನು ಅಂತ ಹೇಳಲೇಬೇಕಿಲ್ಲ. ಯಾರು ಮಾತಾಡ್ತಿದ್ದಾರೆ ಅನ್ನೋದು ಕ್ರಿಯಾಪದದ ಕೊನೆಯಲ್ಲೇ ಗೊತ್ತಾಗಿಬಿಡುತ್ತೆ!’ ಎಲ್ಲರೂ ‘ವಾವ್’ ಅನ್ನುತ್ತಾರೆ.

ಅದೇ ಹೊತ್ತಿಗೆ ಕೆಳಗೆ ಪಾರ್ಕಿಂಗಿನಲ್ಲಿ ಅದೇ ಮನೆಯ ಡ್ರೈವರು ಫೋನಿನಲ್ಲಿ ಹೆಂಡತಿಗೆ ಹೇಳುತ್ತಿರುತ್ತಾನೆ: ‘ಬರ್ತೀನಿ ಕಣೆ, ಊಟ ಮಾಡಿದ್ಯಾ? ಮಲಗಿದ್ನಾ? ಎದ್ಮೇಲೆ ಹೇಳು, ಮಾತಾಡ್ತೀವಿ.’ ನಾನು ಇಲ್ಲ, ನೀನು ಇಲ್ಲ, ಅವನು ಇಲ್ಲ, ನಾವು ಇಲ್ಲ. ಆದರೂ ಅವನು ಬರುವುದು, ಅವಳು ಉಣ್ಣುವುದು, ಮಗ ಮಲಗುವುದು, ಮೂವರೂ ಮಾತಾಡುವುದು, ಎಲ್ಲ ಸ್ಪಷ್ಟ. ಮಲಗಿದ್ದು ಮಗಳಲ್ಲ, ಮಗ ಎಂಬುದೂ ಸ್ಪಷ್ಟ. ಇಷ್ಟನ್ನು ಹೇಳಲು ಸ್ಪ್ಯಾನಿಷ್ ಕ್ರಿಯಾಪದಕ್ಕೆ ಆಗುವುದಿಲ್ಲ, ಅಲ್ಲಿ ಅವನಿಗೂ ಅವಳಿಗೂ ಒಂದೇ ರೂಪ. ಡ್ರೈವರಿಗೆ ಯಾರೂ ವಾವ್ ಅನ್ನಲಿಲ್ಲ. ಅವನಿಗೆ ವ್ಯಾಕರಣ ಗೊತ್ತಿಲ್ಲವಲ್ಲ.

ವ್ಯಾಕರಣದ ಮಾತು ಬಂತು, ಲೆಕ್ಕ ಒಪ್ಪಿಸಿಬಿಡೋಣ. ಸ್ಪೇನಿನ ನೆಬ್ರಿಹಾ ತನ್ನ ಭಾಷೆಗೆ ವ್ಯಾಕರಣ ಬರೆದು ರಾಣಿ ಇಸಬೆಲ್ಲಾಗೆ ಅರ್ಪಿಸಿದ್ದು 1492ರಲ್ಲಿ, ಕೊಲಂಬಸ್ ಹಡಗು ಹತ್ತಿದ ವರ್ಷ. ನಮ್ಮ ಕೇಶಿರಾಜ ಶಬ್ದಮಣಿದರ್ಪಣ ಬರೆದದ್ದು 1260ರ ಸುಮಾರಿಗೆ. ಅದರಲ್ಲಿ ಕ್ರಿಯಾಪದಕ್ಕೆಂದೇ ಆಖ್ಯಾತ ಪ್ರಕರಣ ಎಂಬ ಅಧ್ಯಾಯವಿದೆ, ಸೂತ್ರಗಳೆಲ್ಲ ಕಂದಪದ್ಯದಲ್ಲಿವೆ. ನೆಬ್ರಿಹಾನಿಗಿಂತ ಎರಡು ಶತಮಾನಕ್ಕೂ ಮೀರಿ ಮೊದಲು. ಇದನ್ನು ಹೇಳಿ ಎದೆಯುಬ್ಬಿಸಬಹುದು, ನವೆಂಬರಿನಲ್ಲಿ ಉಬ್ಬಿಸುತ್ತಲೂ ಇದ್ದೇವೆ. ವ್ಯತ್ಯಾಸ ಇಷ್ಟೇ: ಅವರು ನೆಬ್ರಿಹಾನ ನಂತರವೂ ಕ್ರಿಯಾಪದ ಬಳಸುತ್ತ ಹೋದರು. ನಾವು ಕೇಶಿರಾಜನ ಹೆಸರನ್ನು ಬಳಸುತ್ತ ಬಂದೆವು.

ರಿಚರ್ಡ್ಸ್ ಟೌನ್ ಸೇರಿದ ಬೆಂಗಳೂರಿನ ದಂಡು ಪ್ರದೇಶದ ಮೇಲೆ ಕನ್ನಡದ ಹಕ್ಕು ಎಷ್ಟು ಹಳೆಯದು ಎಂದು ಯಾರಾದರೂ ಕೇಳಿದರೆ ಉತ್ತರ ಮುಜುಗರದ್ದು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗ ಬ್ರಿಟಿಷರು ಈ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ, ಪೇಟೆಯ ಜೊತೆ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಲ್ಲಿಯವರೆಗೆ ಇಲ್ಲಿ ದೊರೆಗೆ ಇಂಗ್ಲಿಷ್, ಉಳಿದವರಿಗೆ ತಮಿಳು, ದಖನಿ, ತೆಲುಗು. ಕನ್ನಡ ಪಕ್ಕದೂರಿನಿಂದ ಬಂದುಹೋಗುವ ನೆಂಟ. ಹಾಗಾದರೆ ಇಷ್ಟು ಭಾಷೆಯವರು ಒಂದೇ ಬೀದಿಯಲ್ಲಿ ಸೊಪ್ಪು, ಮೊಟ್ಟೆ, ಬ್ರೆಡ್ಡು ಕೊಂಡಿದ್ದು ಹೇಗೆ? ರಿಚರ್ಡ್ಸ್ ಪಾರ್ಕಿನ ಸುತ್ತ ಬರುವ ತರಕಾರಿ ಗಾಡಿಯ ಬಳಿ ಇವತ್ತೂ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ಒಬ್ಬರು ‘ವೇಣುಂ’ ಅನ್ನುತ್ತಾರೆ, ಒಬ್ಬರು ‘ಹೋನಾ’, ಒಬ್ಬರು ‘ಕಾವಾಲಿ’, ಒಬ್ಬರು ‘ಬೇಕು’. ಬೇಡವಾದರೆ ‘ವೇಣಾಂ’, ‘ನಕ್ಕೊ’, ‘ವದ್ದು’, ‘ಬೇಡ’.

ಈ ಪಟ್ಟಿಯ ಚೆಂದ ಗಮನಿಸಿ. ಇವುಗಳಲ್ಲಿ ಒಂದಕ್ಕೂ ಪುರುಷವಿಲ್ಲ, ವಚನವಿಲ್ಲ. ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು. ಆಸಾಮಿ ಬದಲಾದರೂ ‘ಬೇಕು’ ಅಲ್ಲಾಡುವುದಿಲ್ಲ. ಬೇಡ, ಸಾಕು, ಇಲ್ಲ, ಗೊತ್ತು, ಗೊತ್ತಿಲ್ಲ, ಎಲ್ಲ ಅದೇ ಜಾತಿ. ಬೇರೆ ಭಾಷೆಯವನಿಗೆ ಕಷ್ಟವಾಗಬಾರದೆಂದು ಕನ್ನಡ ಬಾಗಿಲಲ್ಲೇ ಇಟ್ಟ ಕ್ರಿಯಾಪದಗಳು ಇವು. ದಂಡು ಪ್ರದೇಶ ಬಾಗಿಲಲ್ಲಿದ್ದದ್ದನ್ನು ಎತ್ತಿಕೊಂಡು ಅಲ್ಲಿಂದಲೇ ವಾಪಸಾಯಿತು. ಮೂರು ತಲೆಮಾರು ಅಷ್ಟರಲ್ಲೇ ಸಂಸಾರ ನಡೆಸಿತು. ಅದರಲ್ಲೂ ‘ಕನ್ನಡ ಗೊತ್ತಿಲ್ಲ’ ಎಂಬುದು ಈ ಭಾಗದ ಅತ್ಯಂತ ಕ್ರಮಬದ್ಧ ವಾಕ್ಯ. ಎಲ್ಲ ಪುರುಷಕ್ಕೂ ಹೊಂದುತ್ತದೆ, ಎಲ್ಲ ಕಾಲಕ್ಕೂ ನಡೆಯುತ್ತದೆ.

ಇಂಥವರು ಈಗ ಸ್ಪ್ಯಾನಿಷ್‌ನಲ್ಲಿ ‘ಬೇಕು’ ಅನ್ನಲು ನೆಸೆಸಿತಾರ್ ಎಂಬ ಕ್ರಿಯಾಪದ ಹಿಡಿದು ಕೂತಿದ್ದಾರೆ. ನೆಸೆಸಿತೊ, ನೆಸೆಸಿತಾಸ್, ನೆಸೆಸಿತಾ, ನೆಸೆಸಿತಾಮೊಸ್... ಆರು ಆಸಾಮಿ, ಐದು ಕಾಲ, ಒಟ್ಟು 30 ರೂಪ. ಬೀದಿಯ ಕೊನೆಯಲ್ಲಿ ಒಂದೇ ರೂಪಕ್ಕೆ, ಅದೂ ಬಿಟ್ಟಿಯಾಗಿ, ಸಿಗುತ್ತಿದ್ದದ್ದು.

ಇನ್ನು ಬೇಕು–ಬೇಡ ದಾಟಿ ಮುಂದೆ ಹೋದವರ ಕನ್ನಡ ನೋಡಿ. ಅದು ಪೂರ್ತಿ ವಿಧ್ಯರ್ಥದಲ್ಲಿದೆ. ಬಾ, ಹೋಗು, ತೊಳಿ, ಒರೆಸು, ಗಾಡಿ ತೆಗಿ. ಬರೀ ಧಾತು, ಪ್ರತ್ಯಯದ ಹಂಗಿಲ್ಲ. ಸ್ಪ್ಯಾನಿಷ್ ಪಾಠದಲ್ಲಿ ‘ತು’ ಮತ್ತು ‘ಉಸ್ತೆದ್’ ನಡುವಿನ ವ್ಯತ್ಯಾಸಕ್ಕೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಸಲುಗೆಗೆ ತು, ಗೌರವಕ್ಕೆ ಉಸ್ತೆದ್. ಉಸ್ತೆದ್ ಬಂದರೆ ಕ್ರಿಯಾಪದವೂ ತಲೆಬಾಗಿ ಬದಲಾಗಬೇಕು. ಮ್ಯಾಡ್ರಿಡ್‌ನ ಹೋಟೆಲ್ ಮಾಣಿಗೆ ಉಸ್ತೆದ್ ಅನ್ನದಿದ್ದರೆ ಅವನ ಮನಸ್ಸಿಗೆ ನೋವಾದೀತು ಎಂದು ಮೇಡಂ ನಾಲ್ಕು ಸಲ ಬರೆದು ಕಲಿಯುತ್ತಾರೆ. ಪೆನ್ನು ಕೆಳಗಿಟ್ಟು, ತಮಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಮನೆಗೆಲಸದಾಕೆಗೆ ‘ಏಯ್, ಕಾಫಿ ತಾ’ ಅನ್ನುತ್ತಾರೆ. ಆಕೆ ‘ತಂದೆ ಅಕ್ಕಾ’ ಅನ್ನುತ್ತಾಳೆ: ಉತ್ತಮ ಪುರುಷ, ಏಕವಚನ, ಭೂತಕಾಲ, ಅದೂ ತರು–ತಂದೆ ಎಂಬ ಅನಿಯಮಿತ ರೂಪ. ಪೂರ್ಣಾಂಕ. ಫಲಿತಾಂಶ ಹೇಳುವವರು ಅಲ್ಲಿ ಯಾರೂ ಇಲ್ಲ.

ಇಷ್ಟು ಓದಿ ಬಸವನಗುಡಿ, ಮಲ್ಲೇಶ್ವರದವರು ಮುಸಿಮುಸಿ ನಗುತ್ತಿದ್ದರೆ ಸ್ವಲ್ಪ ತಾಳಿ. ಸ್ಪ್ಯಾನಿಷ್‌ನ ಎರಡು ಭೂತಕಾಲ ನಿಮಗಾಗಿಯೇ ಮಾಡಿಸಿದಂತಿದೆ. ಒಮ್ಮೆ ನಡೆದು ಮುಗಿದದ್ದಕ್ಕೆ ‘ಆಬ್ಲೆ’: ‘ಮೊನ್ನೆ ಟ್ರಾಫಿಕ್ ಪೊಲೀಸ್ ಹಿಡಿದಾಗ ಕನ್ನಡ ಮಾತಾಡಿದೆ.’ ಹಿಂದೆ ರೂಢಿಯಾಗಿ ನಡೆಯುತ್ತಿದ್ದದ್ದಕ್ಕೆ ‘ಆಬ್ಲಾಬಾ’: ‘ಅಜ್ಜಿ ಇದ್ದಾಗ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆ.’ ಷರತ್ತಿನ ರೂಪಕ್ಕೂ ಕೆಲಸವಿದೆ. ಅಪ್ರೆಂದೆರ್ ಅಂದರೆ ಕಲಿಯುವುದು, ‘ಅಪ್ರೆಂದೆರಿಯಾ’ ಅಂದರೆ ‘ಟೈಮ್ ಇದ್ದಿದ್ದರೆ ಕಲಿಯುತ್ತಿದ್ದೆ’. ಇಪ್ಪತ್ತು ವರ್ಷದಿಂದ ಇಂದಿರಾನಗರದಲ್ಲಿರುವವರ ರಾಷ್ಟ್ರಗೀತೆ ಅದು. ಎಲ್ಲಕ್ಕಿಂತ ಅನುಕೂಲದ್ದು ‘ಆಬ್ಲಾಮೊಸ್’. ‘ನಾವು ಮಾತಾಡುತ್ತೇವೆ’ ಎಂದೂ ಆಗುತ್ತದೆ, ‘ಮಾತಾಡಿದೆವು’ ಎಂದೂ ಆಗುತ್ತದೆ, ರೂಪ ಒಂದೇ. ಕನ್ನಡದ ಮನೆಯವರು ಮಗುವಿನ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಖಾನೆ ತುಂಬುವಾಗ ಸತ್ಯಕ್ಕೂ ಮಾನಕ್ಕೂ ಒಟ್ಟಿಗೆ ಹೊಂದುವ ಪದ ಇದಕ್ಕಿಂತ ಬೇರೆ ಸಿಗದು.

ಆ ಮನೆಗಳಲ್ಲಿ ಕನ್ನಡ ಸತ್ತಿಲ್ಲ, ಸರಳವಾಗಿದೆ. ಬರು–ಬಂದ, ಕೊಡು–ಕೊಟ್ಟ, ಬೀಳು–ಬಿದ್ದ, ಕೊಳ್ಳು–ಕೊಂಡ ಎಂಬ ಅಂಕುಡೊಂಕೆಲ್ಲ ನೆಟ್ಟಗಾಗಿ ಒಂದೇ ಕ್ರಿಯಾಪದ ಉಳಿದಿದೆ: ಮಾಡು. ವಾಕ್ ಮಾಡ್ದೆ, ಕುಕ್ ಮಾಡ್ತೀನಿ, ವೇಟ್ ಮಾಡು, ಫಾರ್ಗೆಟ್ ಮಾಡ್ಬಿಟ್ಟೆ, ಫೀಲ್ ಮಾಡ್ಕೋಬೇಡ. ಯಾವ ಪಾತ್ರೆಯನ್ನಾದರೂ ಎತ್ತುವ ಇಕ್ಕಳವಾಗಿದೆ ‘ಮಾಡು’. ಒಳಗೆ ಏನು ಬೆಂದಿದೆ ಎಂಬುದು ಇಕ್ಕಳಕ್ಕೆ ಸಂಬಂಧವಿಲ್ಲ. 1713ರಲ್ಲಿ ಹುಟ್ಟಿದ ಸ್ಪ್ಯಾನಿಷ್ ರಾಜ ಅಕಾಡೆಮಿಗೆ ಮುನ್ನೂರು ವರ್ಷದಲ್ಲಿ ಆಗದ ಕೆಲಸ, ಅನಿಯಮಿತ ಕ್ರಿಯಾಪದಗಳ ನಿರ್ಮೂಲನ, ನಾವು ಒಂದು ತಲೆಮಾರಿನಲ್ಲಿ ಮುಗಿಸಿದ್ದೇವೆ.

ಆ ಅಕಾಡೆಮಿಯವರು ಹಳೇ ಕಾಲದವರು. ಅಂತರಜಾಲದಿಂದ ಚಾಟ್, ಟ್ವೀಟ್ ಬಂದಾಗ ಬಾಗಿಲಲ್ಲೇ ಅವಕ್ಕೆ ‘ಆರ್’ ಮನೆತನದ ಪ್ರತ್ಯಯ ತೊಡಿಸಿ ಒಳಗೆ ಬಿಟ್ಟರು: ಚಾತೆಯಾರ್, ತುಯಿತೆಯಾರ್. 2014ರ ನಿಘಂಟಿಗೆ ತುಯಿತೆಯಾರ್ ಸೇರಿತು. ಈಗ ಅದಕ್ಕೂ ಆರು ಆಸಾಮಿ, ಐದು ಕಾಲ. ನಮ್ಮಲ್ಲೂ ಅಂಥದ್ದೊಂದು ‘ಇಸು’ ಇತ್ತು. ಸಂಸ್ಕೃತದ ಚರ್ಚೆ ಬಂದರೆ ಚರ್ಚಿಸು, ಅರಬ್ಬಿಯ ಬದಲ್ ಬಂದರೆ ಬದಲಾಯಿಸು, ಜಮಾ ಬಂದರೆ ಜಮಾಯಿಸು. ದಿಲ್ಲಿ, ಬಿಜಾಪುರ, ಶ್ರೀರಂಗಪಟ್ಟಣದ ದರ್ಬಾರುಗಳನ್ನೆಲ್ಲ ಅರಗಿಸಿದ ‘ಇಸು’ ಇಂಗ್ಲಿಷಿನ ಮುಂದೆ ಮಾತ್ರ ಕೈಕಟ್ಟಿ ನಿಂತಿತು. ಇವತ್ತು ಯಾರಾದರೂ ‘ಗೂಗಲಿಸಿದೆ’ ಅಂದರೆ ತಮಾಷೆ ಮಾಡುತ್ತಿದ್ದಾರೆಂದು ನಗುತ್ತೇವೆ. ‘ಗೂಗಲ್ ಮಾಡ್ದೆ’ ಅಂದರೆ ಗಂಭೀರ.

ಹೀಗಿರುವಾಗ ಸರ್ಕಾರ ಸುಮ್ಮನಿದ್ದೀತೆ? ಎಲ್ಲ ಶಾಲೆಗಳಲ್ಲೂ ಕನ್ನಡ ಕಡ್ಡಾಯವೆಂದು 2015ರಲ್ಲಿ ಕಾನೂನು ಮಾಡಿತು. ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕೆಂದು 2024ರಲ್ಲಿ ತಿದ್ದುಪಡಿ ತಂದಿತು. ರಿಚರ್ಡ್ಸ್ ಟೌನಿನ ಸುತ್ತಮುತ್ತ ‘ಆರ್ಟಿಸನಲ್ ಬೇಕ್‌ಹೌಸ್ ಅಂಡ್ ರೋಸ್ಟರಿ’ ಎಂದು ದಪ್ಪ ಕನ್ನಡ ಅಕ್ಷರಗಳು ಮೂಡಿದವು. ಶೇ. 60 ಕನ್ನಡ ಲಿಪಿ, ಸೊನ್ನೆ ಕನ್ನಡ. ನಾಮಫಲಕದ ಕಾನೂನು ನಾಮಪದಕ್ಕಷ್ಟೇ ಅನ್ವಯ, ಬೋರ್ಡಿನ ಮೇಲೆ ಕ್ರಿಯಾಪದಕ್ಕೆ ಜಾಗವೆಲ್ಲಿ?

ಸರ್ಕಾರದ ಸ್ವಂತ ಕ್ರಿಯಾಪದಗಳ ಪಟ್ಟಿಯಂತೂ ಯಾವ ಸ್ಪ್ಯಾನಿಷ್ ಪುಸ್ತಕಕ್ಕಿಂತಲೂ ಕ್ರಮಬದ್ಧ. ಭೂತಕಾಲ: ಸೂಚಿಸಲಾಗಿದೆ. ವರ್ತಮಾನ: ಪರಿಶೀಲಿಸಲಾಗುತ್ತಿದೆ. ಭವಿಷ್ಯತ್: ಕ್ರಮ ಕೈಗೊಳ್ಳಲಾಗುವುದು. ಮೂರೂ ಪ್ರಥಮ ಪುರುಷ, ನಪುಂಸಕಲಿಂಗ, ಏಕವಚನ. ಸೂಚಿಸಿದವರು ಯಾರು, ಪರಿಶೀಲಿಸುತ್ತಿರುವವರು ಯಾರು ಎಂದು ಪ್ರತ್ಯಯ ಹಿಡಿದು ಹುಡುಕಿದರೆ ಸಿಗುವುದು ‘ಅದು’. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದಿದ್ದ ಪಾಲಿಕೆ ಐದಾಯಿತು. ಏಕವಚನ ಬಹುವಚನವಾಯಿತಲ್ಲ, ಇನ್ನಾದರೂ ಕ್ರಿಯಾಪದ ಬದಲಾದೀತು ಎಂದುಕೊಂಡರೆ, ಗುಂಡಿ ಮುಂಚಿನಂತೆಯೇ ‘ಮುಚ್ಚಲಾಗುವುದು’. ಕನ್ನಡ ಕಟ್ಟುವವರದು ಇನ್ನೊಂದು ರೂಪ: ಉಳಿಸೋಣ, ಬೆಳೆಸೋಣ. ನಾವೆಲ್ಲ ಸೇರಿ ಮಾಡೋಣ ಎಂದರೆ ಯಾರೊಬ್ಬನೂ ಮಾಡಬೇಕಿಲ್ಲ ಎಂದು ಅರ್ಥವಾಗಲು ವ್ಯಾಕರಣ ಬೇಕಿಲ್ಲ.

ಹಾಗಾಗಿ ಒಂದು ಸಲಹೆ. ಕನ್ನಡವನ್ನು ದಂಡು ಪ್ರದೇಶದ ಮಟ್ಟಿಗಾದರೂ ಕೂಡಲೇ ವಿದೇಶಿ ಭಾಷೆಯೆಂದು ಘೋಷಿಸಿ. ಹೇಗೂ 1947ರವರೆಗೆ ಹೆಚ್ಚುಕಡಿಮೆ ಹಾಗೇ ಇತ್ತು. ಬಿಟ್ಟಿ ಕಲಿಸುವುದನ್ನು ನಿಲ್ಲಿಸಿ. ದುಬಾರಿ ಶುಲ್ಕ, ಕಿರಿದಾದ ತರಗತಿ, ‘ಸೀಟು ಮುಗಿದಿದೆ’ ಎಂಬ ಬೋರ್ಡು, ಯುರೋಪಿನ ಮಾದರಿಯಲ್ಲಿ ಎ1ರಿಂದ ಸಿ2ರವರೆಗೆ ಪ್ರಮಾಣಪತ್ರ. ಪೋಷಕರು ಬೆಳಗಿನ ಜಾವಕ್ಕೇ ಸಾಲು ನಿಲ್ಲುತ್ತಾರೆ. ಕನ್ನಡದ ಪೋಷಕರು ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ.

ಪಠ್ಯವೂ ಸಿದ್ಧವಿದೆ. ಎ1: ಮನೆಗೆಲಸದವರೊಂದಿಗೆ ವಿಧ್ಯರ್ಥ ಬಳಸದೆ ಐದು ನಿಮಿಷ ಸಂಭಾಷಣೆ, ‘ನೀವು’ ಕಡ್ಡಾಯ. ಎ2: ಬೇಕು, ಬೇಡ, ಸಾಕು, ಗೊತ್ತಿಲ್ಲ ಇಲ್ಲದೆ ಒಂದು ಕೆಜಿ ಬೀನ್ಸ್ ಕೊಳ್ಳುವುದು. ಬಿ1: ಮೊಮ್ಮಗು ಅಜ್ಜಿಯೊಂದಿಗೆ ಎರಡೂ ಭೂತಕಾಲದಲ್ಲಿ ಮಾತಾಡುವುದು, ಅಜ್ಜಿ ಇರುವಾಗಲೇ. ಬಿ2: ‘ಮಾಡು’ ಇಲ್ಲದೆ ಒಂದು ದಿನ ಕಳೆಯುವುದು. ಸಿ1: ನವೆಂಬರ್ ಬಿಟ್ಟು ಉಳಿದ ಹನ್ನೊಂದು ತಿಂಗಳ ವರ್ತಮಾನಕಾಲ.

ಸಿ2 ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ ಮೀಸಲು. ಪ್ರಶ್ನೆ ಒಂದೇ. ಉತ್ತಮ ಪುರುಷ, ಏಕವಚನ, ಭೂತಕಾಲದಲ್ಲಿ, ಕರ್ತೃಪದ ಸಮೇತ ಒಂದು ವಾಕ್ಯ ಹೇಳಬೇಕು. ಉದಾಹರಣೆಗೆ, ‘ಈ ಟೆಂಡರಿಗೆ ನಾನು ಸಹಿ ಹಾಕಿದೆ.’ ಅಭ್ಯರ್ಥಿಗಳ ಕೊರತೆಯಿಂದಾಗಿ ಸದರಿ ಪರೀಕ್ಷೆಯನ್ನು ಮುಂದೂಡಲಾಗಿದೆ.