ಸೋಪಾನವೂ ಇಂಬಳವೂ

ಸ್ಕೌಟ್‌ಗೆ ಸೇರಿದವನಿಗೆ ಮೊದಲು ಸಿಗುವುದು ಸಾಹಸವಲ್ಲ, ಇಸ್ತ್ರಿ ಕೆಲಸ. ಬೂದು ಶರ್ಟು, ನೀಲಿ ಚಡ್ಡಿ, ಕತ್ತಿಗೆ ಸ್ಕಾರ್ಫು, ಅದನ್ನು ಹಿಡಿದಿಡಲು ವಾಗಲ್ ಎಂಬ ಪುಟ್ಟ ಬಳೆ. ಶಿಬಿರದ ಹಿಂದಿನ ರಾತ್ರಿ ಕಾಣೆಯಾಗುವುದು ಈ ವಾಗಲ್ಲಿನ ಜನ್ಮಸ್ವಭಾವ. ನನ್ನದು ಒಮ್ಮೆ ಹಟ್ಟಿಯಲ್ಲಿ ಸಿಕ್ಕಿತು, ಕರುವಿನ ಬಾಯಲ್ಲಿ.

ಇಸ್ತ್ರಿ ಮುಗಿದರೆ ಸ್ಕೌಟಿನ ಮೆಟ್ಟಿಲು ಹತ್ತುವ ಕೆಲಸ: ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ತುದಿಯಲ್ಲಿ ರಾಷ್ಟ್ರಪತಿ ಪುರಸ್ಕಾರ. ನಮ್ಮ ಘಾಟಿಯ ತಿರುವಿನ ಹಾಗೆಯೇ: ಮುಗಿಯಿತು ಅನ್ನುವಾಗ ಇನ್ನೊಂದು ಉಂಟು. ಗಂಟು ಕಲಿಯುವ ಹುರುಪಿನಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲೋವ್ ಹಿಚ್ ಬಿಗಿದೆ. ಬಿಚ್ಚಲು ಬರಲಿಲ್ಲ. ಅಮ್ಮ ಕತ್ತಿ ತಂದು ಬಿಚ್ಚಿದರು.

“ನಿನ್ನ ರಾಷ್ಟ್ರಪತಿಗಳಿಗೆ ಹೇಳು ಮಾರಾಯ, ಒಂದು ಹೊಸ ಹಗ್ಗ ಕಳಿಸಲಿಕ್ಕೆ!”

ಚಾರ್ಮಾಡಿ ಕಾಡಿನ ಚಾರಣದಲ್ಲಿ ಇನ್ನೊಂದು ಸತ್ಯ ತಿಳಿಯಿತು. ‘ಸಿದ್ಧವಾಗಿರು’ ಎಂಬ ಧ್ಯೇಯವನ್ನು ನಿಷ್ಠೆಯಿಂದ ಪಾಲಿಸುವುದು ಇಂಬಳ. ಎಲೆಯ ತುದಿಯಲ್ಲಿ ನೆಟ್ಟಗೆ ನಿಂತು, ಆಚೀಚೆ ಓಲಾಡುತ್ತಾ ಕಾದಿರುತ್ತದೆ. ಸೋಪಾನ ಕೇಳುವುದಿಲ್ಲ, ಬ್ಯಾಡ್ಜ್ ನೋಡುವುದಿಲ್ಲ; ಕಾಲ್ಚೀಲದ ಒಳಗೇ ಶಿಬಿರ ಹೂಡುತ್ತದೆ. ನಾವು ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಸಾಲಾಗಿ ನಿಂತಾಗ ನಮ್ಮ ಶಿಸ್ತಿಗಿಂತ ವಾಸನೆಯೇ ಮುಂದೆ ನಡೆಯುತ್ತಿತ್ತು. ಮೂರು ಬೆರಳಿನ ಸೆಲ್ಯೂಟ್ ಹೊಡೆದ ಗೆಳೆಯನ ನಡುಬೆರಳಿನಲ್ಲಿ ನಾಲ್ಕನೆಯ ಬೆರಳೊಂದು ಓಲಾಡುತ್ತಿತ್ತು.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತಲ್ಲ, ನೋಡಲು ಹೋಗಿದ್ದೆ. ಎಲ್ಲಿ ನೋಡಿದರೂ ಸ್ಕಾರ್ಫುಗಳ ಜಾತ್ರೆ. ನಾನು ಮಾತ್ರ ವಾಗಲ್ ಇಲ್ಲದೆ ಗಂಟು ಹಾಕಿಕೊಂಡವರನ್ನು ಹುಡುಕುತ್ತಿದ್ದೆ. ಇಬ್ಬರು ಸಿಕ್ಕಿದರು. ಕರುವಿನ ಬಗ್ಗೆ ಕೇಳಲಿಲ್ಲ.